ದನಿಗಳ ಹಗೇವು

ನಮ್ಮ ಮಾಸ್ತರ ಬಲಗಿವಿಯ ಮೇಲೆ ಸದಾ ಒಂದು ಸೀಮೆಸುಣ್ಣ ಕೂತಿರುತ್ತಿತ್ತು, ಬಡಿಗ ಪೆನ್ಸಿಲ್ ಸಿಕ್ಕಿಸಿಕೊಳ್ಳುವ ಹಾಗೆ. ಕಿವಿಯೂ ಅದಕ್ಕೆಂದೇ ಮಾಡಿಸಿದಂತೆ ಅಗಲ. ಅಂಚಿಗೆ ಬಿಳಿ ಕೂದಲು, ಅದರ ಮೇಲೆ ಸುಣ್ಣದ ಪುಡಿ, ಅದರ ಮೇಲೆ ದೋಣಿಮಲೈ ಗಣಿಯ ಕೆಂಪು ಧೂಳು. ಮಧ್ಯಾಹ್ನದ ಹೊತ್ತಿಗೆ ಆ ಕಿವಿ ಸುಣ್ಣ-ಕೆಮ್ಮಣ್ಣಿನ ಪಟ್ಟೆ ಬಳಿದ ಗುಡಿಯ ಗೋಡೆಯಂತೆ ಕಾಣುತ್ತಿತ್ತು. ನಾವು ಹಿಂದಿನ ಬೆಂಚಿನಿಂದಲೇ ಕೈಮುಗಿಯುತ್ತಿದ್ದೆವು.

ನಮ್ಮಪ್ಪ ಗಣಿಯ ಸ್ಟಾಫ್ ಬಸ್ಸಿನ ಡ್ರೈವರ್. ಕ್ವಾರ್ಟರ್ಸಿನ ಪಕ್ಕದ ಶಾಲೆಯಲ್ಲಿ ಈ ಮಾಸ್ತರು ನಮಗೆ ಕನ್ನಡ ಹೇಳುತ್ತಿದ್ದರು. ನನಗೆ ಆಗಲೇ ಕೋತಿ ಎಂಬ ಬಿರುದು ಬಂದಿತ್ತು. ಹೆಡ್‌ಮಾಸ್ತರ ಕೆಮ್ಮು, ಹಾಲಿನವನ ಕೂಗು, ನಮ್ಮಪ್ಪನ ಬಸ್ಸಿನ ಗೇರು, ಎಲ್ಲ ನನ್ನ ಗಂಟಲಲ್ಲೇ ಇದ್ದವು. ಹಾಜರಿ ಕರೆಯುವಾಗ ಬಾರದ ಗೆಳೆಯರ ದನಿಯಲ್ಲಿ ‘ಎಸ್ ಸರ್’ ಅನ್ನುವುದು ನನ್ನ ಸಮಾಜಸೇವೆ. ಮಾಸ್ತರು ತಲೆ ಎತ್ತುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಒಂದು ದಿನ ಪುಸ್ತಕ ನೋಡುತ್ತಲೇ ಅಂದರು:

“ಅಂವಗ ನೆಗಡಿ ಆಗೈತಲೇ ಕೋತಿ. ಮೂಗಿನಾಗ ಅನ್ನು, ನಂಬ್ತೀನಿ.”

ಅವರ ಕಿವಿ ಅಂಥದು. ಬೆನ್ನು ತಿರುಗಿಸಿ ಬೋರ್ಡಿನ ಮೇಲೆ ಬರೆಯುತ್ತಿದ್ದರೂ ಯಾರು ಆಕಳಿಸಿದರು, ಯಾರು ಕಡಲೆ ಅಗಿದರು ಎಂದು ಹೆಸರಿಟ್ಟು ಹೇಳುತ್ತಿದ್ದರು.

ತಿಂಗಳಿಗೊಂದು ಶನಿವಾರ, ಬೆಳಗಿನ ಶಾಲೆಯ ದಿನ, ಅವರು ಮನೆಯಿಂದ ಟೇಪ್ ರೆಕಾರ್ಡರ್ ಹೊತ್ತು ತರುತ್ತಿದ್ದರು. ಅದಕ್ಕೆ ಅವರೇ ಇಟ್ಟ ಹೆಸರು ‘ದನಿ ಹಾಜರಿ’. ಒಬ್ಬೊಬ್ಬರೇ ಟೇಬಲ್ಲಿನ ಹತ್ತಿರ ಹೋಗಿ ಅಂದು ಮುಂಜಾನೆ ಏನು ತಿಂದೆವು ಎಂದು ಹೇಳಬೇಕು, ಅಷ್ಟೇ. ಹೆಸರು ಹೇಳಲು ಹೋದರೆ ತಡೆಯುತ್ತಿದ್ದರು. “ಹೆಸರು ಪುಸ್ತಕದಾಗ ಐತಿ. ನೀ ದನಿ ಕೊಡು.” ನಾವು ಕೊಡುತ್ತಿದ್ದೆವು. ಉಪ್ಪಿಟ್ಟು ಸರ್. ಒಗ್ಗರಣಿ ಮಂಡಕ್ಕಿ ಸರ್. ನಿನ್ನಿ ರೊಟ್ಟಿ ಸರ್. ಆಂಧ್ರದ ಕಡೆಯ ಹುಡುಗನೊಬ್ಬ ‘ದೋಸೆ ತಿಂಟಿನಿ ಸರ್’ ಅನ್ನುತ್ತಿದ್ದ. ನಡುನಡುವೆ ಯಾರಾದರೊಬ್ಬರು ‘ಏನೂ ಇಲ್ಲ ಸರ್’ ಅನ್ನುವರು. ನಾವು ನಗುತ್ತಿದ್ದೆವು. ಮಾಸ್ತರು ಟೇಪ್ ನಿಲ್ಲಿಸಿ, ತಮಗೆ ಮಿರ್ಚಿ ಬಜ್ಜಿ ತಿನ್ನುವ ಆಸೆಯಾಗಿದೆ, ಒಬ್ಬರೇ ತಿನ್ನಲು ಬೇಸರ ಎಂದು ಹೇಳಿ, ಆ ಹುಡುಗನನ್ನೋ ಹುಡುಗಿಯನ್ನೋ ಜೊತೆಗೆ ಕರೆದುಕೊಂಡು ಕ್ಯಾಂಟೀನಿಗೆ ಹೋಗುವರು. ಮಾಸ್ತರಿಗೆ ಮಿರ್ಚಿಯ ಚಟ ಎಂದು ಇಡೀ ಶಾಲೆ ನಂಬಿತ್ತು. ನಾನಂತೂ ಅದನ್ನೇ ಅಭಿನಯಿಸಿ ಚಪ್ಪಾಳೆ ಗಿಟ್ಟಿಸುತ್ತಿದ್ದೆ.

ನಿವೃತ್ತರಾದ ಮೇಲೆ ಅವರು ಹೊಸಪೇಟೆಗೆ ಬಂದರು. ಅಷ್ಟರಲ್ಲಿ ನಾನು ಇಲ್ಲಿಯೇ ಹಗಲು ಸೈಬರ್ ಕೆಫೆಯಲ್ಲಿ ಕೂತು, ಸಂಜೆ ಮದುವೆ ಆರ್ಕೆಸ್ಟ್ರಾಗಳಲ್ಲಿ ಮಿಮಿಕ್ರಿ ಮಾಡುವ ಕಲಾವಿದನಾಗಿದ್ದೆ. ಗಣಿಯ ದುಡ್ಡು ಊರಿಗೆ ನುಗ್ಗಿದ ಕಾಲ. ಅದಿರಿನ ಲಾರಿಗಳು ಇರುವೆ ಸಾಲಿನಂತೆ ಹೋಗುತ್ತಿದ್ದವು, ಮದುವೆಗಳು ಜಾತ್ರೆಯಷ್ಟಾಗಿದ್ದವು. ನನ್ನಂಥವನಿಗೂ ಶಾಲು ಹೊದಿಸುತ್ತಿದ್ದರೆಂದರೆ ಊರಿನ ಸ್ಥಿತಿ ತಿಳಿದುಕೊಳ್ಳಿ. ಸದಾ ಇನ್ನೊಬ್ಬರ ದನಿಯಲ್ಲಿ ಮಾತಾಡಿ ನನ್ನ ಸ್ವಂತ ದನಿ ಯಾವುದೆಂದು ನನಗೇ ಮರೆತಿತ್ತು. ಹೆಣ್ಣು ನೋಡಲು ಹೋದಾಗ ಹೆಸರು ಕೇಳಿದರೆ ಬಾಯಿಂದ ಬಸ್ ಕಂಡಕ್ಟರನ ದನಿ ಹೊರಟಿತ್ತು. ಹುಡುಗಿಯ ಕಡೆಯವರು ಟಿಕೆಟ್ ಕೇಳದೆ ಇಳಿಸಿಬಿಟ್ಟರು.

ಒಂದು ಮುಂಜಾನೆ ಮಾಸ್ತರು ಕೆಫೆಗೆ ಬಂದರು. ಕೈಯಲ್ಲಿ ಒಂದು ಚೀಲ, ಚೀಲದ ತುಂಬ ಕ್ಯಾಸೆಟ್ಟು. ಕೆಲವಕ್ಕೆ ಬೂಷ್ಟು ಹಿಡಿದಿತ್ತು, ಕೆಲವು ಧೂಳಿಗೆ ಕಿರ್ರೆನ್ನುತ್ತಿದ್ದವು. ಹಳೆಯ ಶಿಷ್ಯರ ಮದುವೆಗೆ ಹೋಗುವಾಗ ಅವರವರ ಐದನೇ ಕ್ಲಾಸಿನ ದನಿಯನ್ನು ಒಂದು ಸಿ.ಡಿ.ಗೆ ಹಾಕಿ ಮುಯ್ಯಿ ಕೊಡುವುದು ಅವರ ಪದ್ಧತಿ. ಇನ್ನು ಮುಂದೆ ಅದು ನಡೆಯುವಂತಿರಲಿಲ್ಲ. ನಾನು ನಮಸ್ಕಾರ ಅಂದೆ. ಅವರು ಕಿವಿ ಹತ್ತಿರ ತಂದರು. ಆ ಕಿವಿ, ಹತ್ತಿರ ಬಂತು!

“ಕುಕ್ಕರ್ ಸೀಟಿ ಕೇಳವಲ್ದಲೇ,” ಅಂದರು. “ಮೊದಲ ಸಣ್ಣ ದನಿ ಹೋಗ್ತಾವಂತ, ಆಮ್ಯಾಲೆ ದೊಡ್ಡವು. ಡಾಕ್ಟರ್ ಹೇಳ್ಯಾರ. ಯಾವ ದನಿ ಯಾರದಂತ ನನಗೊಬ್ಬಗ ಗೊತ್ತೈತಿ. ಕಿವಿ ಮುಚ್ಚೂದ್ರಾಗ ಹೆಸರು ಹಚ್ಚಬೇಕು.”

ಕ್ಯಾಸೆಟ್ಟಿನ ಮೇಲೆ ವರ್ಷ ಮಾತ್ರ ಬರೆದಿತ್ತು. ಒಳಗೆ ಹೆಸರಿಲ್ಲದ ನೂರಾರು ಮಕ್ಕಳು ಉಪ್ಪಿಟ್ಟು, ರೊಟ್ಟಿ ಎನ್ನುತ್ತ ಕೂತಿದ್ದರು.

ಅಷ್ಟೆಲ್ಲ ದನಿ ಇಡಲು ಜಾಗ ಬೇಕಲ್ಲ. ಹೊಸ ಯಂತ್ರ ಕೊಳ್ಳುವ ಮಾತೇ ಇರಲಿಲ್ಲ. ನಾವಿಬ್ಬರೂ ಗುಜರಿ ಅಂಗಡಿಗೆ ಹೋದೆವು. ನಮ್ಮೂರಿಗೆ ದುಡ್ಡು ಬಂದದ್ದು ನಿಜವಾಗಿ ಗೊತ್ತಾಗುತ್ತಿದ್ದುದು ಅಲ್ಲಿ. ಅದಿರಿನ ಆಫೀಸುಗಳು ಹೋದ ವರ್ಷದ ಕಂಪ್ಯೂಟರನ್ನು ಈ ವರ್ಷ ತೂಕಕ್ಕೆ ಹಾಕುತ್ತಿದ್ದವು. ಒಂದು ಡಬ್ಬಿ ಬಿಚ್ಚಿದರೆ ಒಳಗೆ ಅಂಗೈ ದಪ್ಪ ಕೆಂಪು ಧೂಳು. ಸಂಡೂರಿನ ಗುಡ್ಡ ಅರ್ಧ ಹಡಗು ಹತ್ತಿತು, ಇನ್ನರ್ಧ ಇಲ್ಲಿದೆ ಎಂದೆ. ಮಾಸ್ತರಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಗಟ್ಟಿಯಾಗಿ ಹೇಳಿದೆ. ಗುಜರಿಯವನಿಗೂ ಕೇಳಿಸಿ ಅವನು ಅದಿರಿನ ತೂಕವನ್ನೂ ಸೇರಿಸಿಬಿಟ್ಟ.

ಮಾಸ್ತರ ಮನೆಯಲ್ಲಿ ಕೂತು, ಮೂರು ಸತ್ತ ಕಂಪ್ಯೂಟರುಗಳಿಂದ ಬದುಕಿದ್ದನ್ನು ಆಯ್ದು ಒಂದನ್ನು ಮಾಡಿದೆವು. ಒಂದರ ಡಬ್ಬಿ, ಇನ್ನೊಂದರ ಮದರ್‌ಬೋರ್ಡು, ಮತ್ತೊಂದರ ಪವರ್ ಸಪ್ಲೈ, ಎಲ್ಲವುಗಳಿಂದ ಸೇರಿ ಎರಡು ಒಳ್ಳೆಯ ಹಾರ್ಡ್ ಡಿಸ್ಕು. ಕಂಪ್ಯೂಟರು ಮೊದಲು ಏಳಲೊಲ್ಲದು, ಬರೀ ಬೀಪ್ ಬೀಪ್ ಎಂದು ಅಳುತ್ತಿತ್ತು. ಮೆಮೊರಿ ಪಟ್ಟಿಯ ಹಿತ್ತಾಳೆ ಬಣ್ಣದ ಹಲ್ಲುಗಳಿಗೆ ಮಂಕು ಹಿಡಿದಿದೆ, ರಬ್ಬರಿನಿಂದ ಉಜ್ಜಬೇಕು ಎಂದೆ. ಮಾಸ್ತರ ಮುಖ ಅರಳಿತು. ಆಯುಷ್ಯವಿಡೀ ಮಕ್ಕಳ ತಪ್ಪು ಅಳಿಸಿದ ರಬ್ಬರು ಅವರ ಜೇಬಿನಲ್ಲೇ ಇತ್ತು. ಉಜ್ಜಿದರು, ಎದ್ದಿತು. ಆ ಹೊತ್ತಿಗೆ ಸೀಮೆಸುಣ್ಣದ ಜಾಗದಲ್ಲಿ, ಅದೇ ಬಲಗಿವಿಯ ಮೇಲೆ, ಒಂದು ಸ್ಕ್ರೂಡ್ರೈವರ್ ಕೂತಿತ್ತು. ಧೂಳು ಹೋಗದಂತೆ ಫ್ಯಾನಿನ ಬಾಯಿಗೆ ತಮ್ಮ ಹೆಂಡತಿಯ, ಅಂದರೆ ಅಮ್ಮನವರ, ಹಳೆಯ ಸೀರೆಯ ತುಂಡು ಕಟ್ಟಿದರು. ಅದು ಹಳೆಯದಲ್ಲ ಎಂದು ಅಮ್ಮನವರು ಅಡುಗೆಮನೆಯಿಂದ ಕೂಗಿದ್ದು ಅವರಿಗೆ ಕೇಳಿಸಲಿಲ್ಲವೋ, ಕೇಳಿಸಿಕೊಳ್ಳಲಿಲ್ಲವೋ. ಕಿವುಡಿನಲ್ಲೂ ಅನುಕೂಲವಿತ್ತು.

ಕಂಪ್ಯೂಟರ್ ಪತ್ರಿಕೆಯ ಜೊತೆ ಪುಕ್ಕಟೆ ಬಂದಿದ್ದ ಸಿ.ಡಿ.ಯಿಂದ ಲಿನಕ್ಸ್ ಹಾಕಿ, ಒಂದು ಡಿಸ್ಕಿಗೆ ಬರೆದದ್ದು ಇನ್ನೊಂದಕ್ಕೂ ಬೀಳುವಂತೆ ಮಾಡಿ, ಕಿಟಕಿಯಿಂದ ವೈರು ಎಳೆದು, ಮಾಸ್ತರು ಸಿ.ಡಿ. ಮಾಡುತ್ತಿದ್ದ ಮುಂದಿನ ಕೋಣೆಯ ಕಂಪ್ಯೂಟರಿಗೆ ಜೋಡಿಸಿದೆ. ಇದಕ್ಕೆ ಪರದೆ ಬೇಡ, ಕೀಲಿಮಣೆ ಬೇಡ, ಸುಮ್ಮನೆ ಮೂಲೆಯಲ್ಲಿ ಕೂತು ಇಟ್ಟುಕೊಳ್ಳುವುದೇ ಇದರ ಕೆಲಸ, ಹೆಸರು ಸರ್ವರ್ ಎಂದು ವಿವರಿಸಿದೆ. ಮಾಸ್ತರು ಒಪ್ಪಲಿಲ್ಲ.

“ತೆಲಿ ಇಲ್ಲ, ಕೈ ಇಲ್ಲ, ಬರೀ ಹೊಟ್ಟಿ. ಇದು ಹಗೇವು.”

ಹಗೇವು ಎಂದರೆ ಅವರ ಹುಟ್ಟೂರಿನಂಥ ಎರೆನೆಲದ ಹಳ್ಳಿಗಳಲ್ಲಿ ಜೋಳ ತುಂಬಿ ಬಾಯಿ ಮುಚ್ಚಿಡುವ ನೆಲದೊಳಗಿನ ಕಣಜ. ಹೆಸರಿಟ್ಟ ಮೇಲೆ ಅದರ ಕಟ್ಟಳೆಗಳೂ ಬಂದವು. ಉಣ್ಣುವ ಕಾಳು ಹಗೇವಿನಲ್ಲಿ, ಬಿತ್ತುವ ಕಾಳು ಬೇರೆ ಊರಲ್ಲಿ ಎಂಬುದು ಅವರ ಮನೆತನದ ನೇಮವಂತೆ. ಜೋಡಿ ಡಿಸ್ಕಿದೆಯಲ್ಲ ಸರ್ ಎಂದರೆ, ಜೋಡಿ ಎತ್ತು ಕಟ್ಟಿದ್ದು ಒಂದೇ ಕೊಟ್ಟಿಗೆಯಲ್ಲವೇ ಎಂದರು. ಹಾಗಾಗಿ ಗುಜರಿಯಿಂದ ಮೂರನೆಯ ಡಿಸ್ಕೊಂದನ್ನು ತಂದು, ಅದಕ್ಕೂ ಎಲ್ಲ ತುಂಬಿ ಆಗಾಗ ಟಿಫಿನ್ ಡಬ್ಬಿಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕಂಪ್ಲಿಗೆ ಹೋಗಿ, ತಂಗಿಯ ಮನೆಯಲ್ಲಿ ಇಟ್ಟು ಬರುವರು. ಕೆಫೆಯಲ್ಲಿ ನಾನು ಇದನ್ನು ಅಭಿನಯಿಸಿದಾಗ ಗಿರಾಕಿಗಳು ಉರುಳಾಡಿ ನಕ್ಕರು.

ಹೆಸರು ಹಚ್ಚುವ ಕೆಲಸಕ್ಕೆ ಕೂತಾಗ ನಗು ಹೋಯಿತು. ಇಯರ್‌ಫೋನ್ ಹಾಕಿಕೊಂಡರೂ ಸಣ್ಣ ಹುಡುಗಿಯರ ದನಿ ಮಾಸ್ತರಿಗೆ ದಕ್ಕಲಿಲ್ಲ. ಮತ್ತೆ ಮತ್ತೆ ಹಾಕಿಸಿದರು. ಕೊನೆಗೆ ಇಯರ್‌ಫೋನ್ ತೆಗೆದಿಟ್ಟರು. ನನಗೇನು ತೋಚಿತೋ, ಇಯರ್‌ಫೋನ್ ನನ್ನ ಕಿವಿಗೆ ಸಿಕ್ಕಿಸಿಕೊಂಡು ಆ ಹುಡುಗಿಯ ಮಾತನ್ನೇ, ಅದೇ ಎಳೆತ, ಅದೇ ತೊದಲಿನೊಂದಿಗೆ, ದಪ್ಪ ಗಂಟಲಲ್ಲಿ ಅವರ ಕಿವಿಗೆ ಹೇಳಿದೆ. ಅವರು ಕಣ್ಣು ಮುಚ್ಚಿದರು.

“ಪೋಸ್ಟ್‌ಮನ್ನನ ಎರಡನೇ ಮಗಳು. ‘ಸರ್’ ಅನ್ನೂಕಿಂತ ಮೊದಲ ಉಗುಳು ನುಂಗ್ತಿದ್ಲು. ಅದನ್ನ ಬಿಟ್ಟಿ ನೋಡು.”

ಕೇಳಿ ನೋಡಿದರೆ ಹೌದು, ನುಂಗಿದ್ದಳು.

ಹೀಗೆ ತಿಂಗಳುಗಟ್ಟಲೆ ಮುಂಜಾನೆ ಮುಂಜಾನೆ ನಾನು ದೋಣಿಮಲೈಯ ಮಕ್ಕಳೆಲ್ಲ ಆದೆ. ಬೆತ್ತದೇಟು ತಿನ್ನಬೇಕಾಗಿದ್ದ ವಿದ್ಯೆ ಮೊದಲ ಸಲ ಒಂದು ಕೆಲಸಕ್ಕೆ ಬಂದಿತ್ತು. ಆಗ ಒಂದು ಸಂಗತಿ ಗಮನಿಸಿದೆ. ‘ಏನೂ ಇಲ್ಲ ಸರ್’ ಎಂದ ಪ್ರತಿ ದನಿಯ ಹಿಂದೆಯೇ ಟೇಪು ಟಕ್ ಎಂದು ನಿಲ್ಲುತ್ತಿತ್ತು. ಬೆಳಗಿನ ಶಾಲೆಗೆ ಯಾರು ಹಸಿದು ಬಂದಿದ್ದಾರೆಂದು ತಿಳಿಯಲು ಇಷ್ಟೆಲ್ಲ ಆಟವೇ ಎಂದು ಕೇಳಿದೆ. ಮಾಸ್ತರು ಸ್ಕ್ರೂಡ್ರೈವರಿನಿಂದ ಕಿವಿ ಕೆರೆದುಕೊಂಡರು.

“ನೇರ ಕೇಳಿದ್ರ ಯಾರ ಹೇಳ್ತಾರಲೇ? ಮಷೀನ್ ಇಟ್ರ ಸುಳ್ಳ ಹೇಳಾಕ ಅಂಜ್ತಿದ್ರಿ.”

ಅವತ್ತು ನನ್ನ ‘ಮಿರ್ಚಿ ಮಾಸ್ತರ’ ಅಭಿನಯವನ್ನು ಪಟ್ಟಿಯಿಂದ ತೆಗೆದುಬಿಡಬೇಕು ಅನ್ನಿಸಿತು. ಆದರೆ ಅದರ ಮೂಲಪ್ರತಿ ಮುಂದಿನ ಕ್ಯಾಸೆಟ್ಟಿನಲ್ಲೇ ಕಾಯುತ್ತಿತ್ತು. ಯಾವುದೋ ಶನಿವಾರ ಅವರು ಅವಸರದಲ್ಲಿ ಟೇಪ್ ನಿಲ್ಲಿಸದೆ ಕ್ಯಾಂಟೀನಿಗೆ ಹೋಗಿದ್ದರು, ನಾನು ಅವರ ಕುರ್ಚಿಯೇರಿ ಅವರ ದನಿಯಲ್ಲಿ ಹಾಜರಿ ಕೊಟ್ಟಿದ್ದೆ: “ನಾ ಮೂರು ಮಿರ್ಚಿ ತಿಂದೇನಿ. ಮನ್ಯಾಗ ಹೇಳಬ್ಯಾಡ್ರಿ.” ಇದನ್ನು ಅವರ ಕಿವಿಗೆ ಹೇಳುವಾಗ ನನ್ನ ಫಜೀತಿ ನೋಡಬೇಕಿತ್ತು. ಅವರನ್ನು ಅಣಕಿಸಿದ ನನ್ನನ್ನು ನಾನೇ ಅಣಕಿಸಬೇಕು, ಅವರ ಎದುರಿಗೇ. ಹೇಳಿದೆ. ಮಾಸ್ತರು ಎರಡನೇ ಸಲ ಹೇಳಿಸಿದರು. ಆಮೇಲೆ ಕೀಲಿಮಣೆ ಎಳೆದುಕೊಂಡು ಒಂದೇ ಬೆರಳಲ್ಲಿ ಹೆಸರು ಹೊಡೆದರು: ಮಾಸ್ತರು.

ಅದು ನನ್ನ ದನಿ ಸರ್, ತಪ್ಪಿದಿರಿ ಎಂದೆ.

“ತಪ್ಪಿಲ್ಲ. ಬಾರದವರ ಹಾಜರಿ ಹಾಕಾಂವ ನೀನ ಅಲ್ಲೇನು? ಇರ್ಲಿ ಬಿಡು.”

ಹೆಸರು ಹಚ್ಚಿ ಮುಗಿಯುವ ಹೊತ್ತಿಗೆ ನನ್ನ ದಪ್ಪ ಗಂಟಲೂ ಅವರಿಗೆ ಕೇಳದಾಯಿತು. ಕೊನೆಯ ಸಲ ಕಂಪ್ಲಿಗೆ ಡಿಸ್ಕು ಮುಟ್ಟಿಸಿ ಬಂದರು. ಯುಗಾದಿ ಕಳೆದು ಮೊದಲ ಗುಡುಗು ಬಂದ ದಿನ, ಮನೆಯ ಹತ್ತಿರದ ಕಂಬಕ್ಕೆ ಸಿಡಿಲು ಬಡಿದು ಹಗೇವು ಸುಟ್ಟುಹೋಯಿತು. ಜೋಡಿ ಎತ್ತುಗಳೆರಡೂ ಒಂದೇ ಕೊಟ್ಟಿಗೆಯಲ್ಲಿ ಮಲಗಿದವು. ಕ್ಯಾಸೆಟ್ಟುಗಳಿದ್ದವು ನಿಜ, ಆದರೆ ಹೆಸರು ಹೇಳುವ ಕಿವಿ ಇನ್ನಿರಲಿಲ್ಲ.

ಮರುದಿನವೇ ಕಂಪ್ಲಿಯ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಮಾಸ್ತರು ಖಾಲಿ ಟಿಫಿನ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಹೊರಗೆ ಗದ್ದೆ ನೋಡುತ್ತಿದ್ದರು. ತಂಗಿಯ ಮನೆಯಲ್ಲಿ ನಾನು ಕಪಾಟು, ಟ್ರಂಕು ಎಂದು ಕಣ್ಣಾಡಿಸುತ್ತಿದ್ದರೆ ಆ ತಾಯಿ ಸೆರಗು ಸಿಕ್ಕಿಸಿ ಅಡುಗೆಮನೆಯ ಅಕ್ಕಿ ಡ್ರಮ್ಮಿನೊಳಗೆ ಮೊಣಕೈವರೆಗೆ ಕೈ ಇಳಿಬಿಟ್ಟರು. ಹೊರಬಂದದ್ದು ಒಂದು ಬಟ್ಟೆಯ ಗಂಟು. ಬಿಚ್ಚಿದರೆ ಒಣಗಿದ ಬೇವಿನ ಎಲೆ, ಎಲೆಯ ನಡುವೆ ಹಾರ್ಡ್ ಡಿಸ್ಕು.

ನಾನು ಬಾಯಿ ತೆರೆದು ನಿಂತದ್ದು ನೋಡಿ ಅವರಿಗೆ ಅವಮಾನವಾದಂತಾಯಿತು.

“ಹಂಗ್ಯಾಕ ನೋಡ್ತಿಯಪ? ಅಣ್ಣನ ಹೇಳಿದ್ದ, ಇದು ಬಿತ್ತೋ ಕಾಳು, ಜ್ವಾಕಿ ಅಂತ. ನುಸಿ ಹತ್ತಬಾರ್ದಂತ ಬೇವು ಇಟ್ಟೇನಿ.”

ಡಿಸ್ಕಿನ ಪಿನ್ನುಗಳ ನಡುವೆ ಸಿಕ್ಕಿದ್ದ ಒಂದು ನುಚ್ಚಕ್ಕಿಯನ್ನು ಅವರದೇ ಸೇಫ್ಟಿ ಪಿನ್ನಿನಿಂದ ತೆಗೆದು, ಆ ಮನೆಯ ಹುಡುಗರ ಕಂಪ್ಯೂಟರಿಗೆ ಜೋಡಿಸಿದೆ. ಮಾಸ್ತರಿಗೆ ಅದರ ಸದ್ದು ಕೇಳುವಂತಿರಲಿಲ್ಲ. ಅಂಗೈಯನ್ನು ಅದರ ಬೆನ್ನ ಮೇಲಿಟ್ಟು ಕಾದರು, ಜ್ವರ ಬಂದ ಮಗುವನ್ನು ಮುಟ್ಟಿ ನೋಡುವ ಹಾಗೆ. ಒಳಗೆ ತಿರುಗಿದ್ದು ನನಗೆ ತಿಳಿದದ್ದು ಪರದೆಯಿಂದಲ್ಲ, ಅವರ ಮುಖದಿಂದ. ಆಮೇಲೆ ಪರದೆಯ ಮೇಲೆ ಹೆಸರುಗಳು ಸಾಲುಸಾಲಾಗಿ ಇಳಿದವು. ಅವರು ಒಂದೊಂದನ್ನೇ ಬೆರಳಿಟ್ಟು ಓದಿದರು. ತಂಗಿ ಅಕ್ಕಿಯನ್ನು ಜರಡಿ ಹಿಡಿದು ಒಲೆಯ ಮೇಲಿಟ್ಟರು. ಬೇವಿನ ಕಹಿ ಇದ್ದ ಆ ಅನ್ನವನ್ನು ಮಾಸ್ತರು ಎರಡು ಸಲ ಹಾಕಿಸಿಕೊಂಡರು.

ಹೋದ ವರ್ಷ ಅವರು ತೀರಿಕೊಂಡರು. ದಿನಕರ್ಮಗಳೆಲ್ಲ ಮುಗಿದ ಮೇಲೆ ಒಂದು ಶನಿವಾರ ಬೆಳಿಗ್ಗೆ ಹಳೆಯ ಶಿಷ್ಯರು ಅವರ ಮನೆಯಲ್ಲಿ ಸೇರಿದೆವು. ಯಾರು ಮೊದಲು ಮಾಡಿದರೋ, ಒಬ್ಬೊಬ್ಬರೇ ಎದ್ದು ಮುಂಜಾನೆ ತಿಂದದ್ದನ್ನು ಹೇಳಿದರು. ಇಡ್ಲಿ ಸರ್. ಉಪ್ಪಿಟ್ಟು ಸರ್. ಲಾರಿಗಳ ಸಾಲನ್ನೇ ಇಟ್ಟುಕೊಂಡಿರುವ ಒಬ್ಬ ದೊಡ್ಡ ಸಾವುಕಾರ ಎದ್ದು, ಏನೂ ಇಲ್ಲ ಸರ್ ಎಂದು, ಕಣ್ಣೊರೆಸಿಕೊಂಡು ಕೂತ. ನಂತರ ಎಲ್ಲರೂ ನನ್ನ ಕಡೆ ನೋಡಿದರು. ಹಗೇವಿನಲ್ಲಿ ಊರಿನ ಮಕ್ಕಳ ದನಿಯೆಲ್ಲ ಇತ್ತು. ಮಾಸ್ತರ ಹೆಸರಿನ ಮುಂದೆ ಇದ್ದದ್ದು ನನ್ನದೊಂದೇ.

ಎದ್ದು ನಿಂತೆ. ಬಲಗಿವಿಯ ಮೇಲೆ ಸೀಮೆಸುಣ್ಣ ಇದ್ದಂತೆ ಒಮ್ಮೆ ಮುಟ್ಟಿಕೊಂಡೆ. ದನಿ ತಾನೇ ಬಂತು.

“ನಾ ಮೂರು ಮಿರ್ಚಿ ತಿಂದೇನಿ. ಮನ್ಯಾಗ ಹೇಳಬ್ಯಾಡ್ರಿ.”

ಒಳಗೆ ಮಂಡಕ್ಕಿಗೆ ಒಗ್ಗರಣೆ ಚುರ್ರೆಂದಿತು. ಅಡುಗೆಮನೆಯ ಬಾಗಿಲಿಗೆ ಬಂದ ಅಮ್ಮನವರು ಸವುಟು ಹಿಡಿದು, ಖಾಲಿ ಕುರ್ಚಿಯ ಕಡೆಗೆ ತಿರುಗಿ ಅಂದರು:

“ಗೊತ್ತಿತ್ತು ತಗೋರಿ ನನಗ. ಶನಿವಾರದ ಎಣ್ಣಿ ಹತ್ತಿದ ಅಂಗಿ ಒಗಿಯಾಕಿ ನಾನ ಅಲ್ಲೇನು?”