ಉಸಿರಿನ ಜಾಗ

ಮದುವೆ ಮನೆಯಲ್ಲಿ ಅರಿಶಿನ ಹಚ್ಚುವಾಗ ಒಬ್ಬಳು ಹಾಡಿನ ಸೊಲ್ಲು ಎತ್ತಬೇಕು, ಉಳಿದ ಹೆಂಗಸರು ಅದನ್ನೇ ತಿರುಗಿ ಹೇಳಬೇಕು. ಅವರ್ಸಾ ಊರಿನ ನಮ್ಮ ಕೇರಿಯಲ್ಲಿ ಆ ಒಬ್ಬಳು ಇಪ್ಪತ್ತು ವರ್ಷದಿಂದ ನಾನೇ. ಕಳೆದ ವರ್ಷ ನನ್ನ ದನಿಯಲ್ಲಿ ಗಾಳಿ ಸೇರಿಕೊಂಡಿತು. ಮಾತಿಗಿಂತ ಮೊದಲು ಉಸಿರೇ ಹೊರಬೀಳುತ್ತಿತ್ತು. ಎರಡು ಮದುವೆಗಳಲ್ಲಿ ನನ್ನ ವಾರಗಿತ್ತಿ, ಮೈದುನನ ಹೆಂಡತಿ, ಯಾರೂ ಕರೆಯದೆಯೇ ಮುಂದೆ ಕೂತು ಹಾಡು ಎತ್ತಿದಳು. ಚೆನ್ನಾಗಿಯೇ ಹಾಡಿದಳು. ನನಗೆ ಹೊಟ್ಟೆ ಉರಿದುಹೋಯಿತು. ನಾದಿನಿಯ ಮಗಳ ಮದುವೆಗೆ ಒಂದು ತಿಂಗಳಿತ್ತು. ಅಲ್ಲಿಯಾದರೂ ನನ್ನ ಜಾಗ ನನಗೆ ಬೇಕಿತ್ತು.

ಕಾರವಾರದ ಆಸ್ಪತ್ರೆಗೆ ನನ್ನ ಜೊತೆ ಬಂದವಳೂ ಈ ವಾರಗಿತ್ತಿಯೇ. ಬೇಡವೆಂದರೂ ಬಸ್ಸು ಹತ್ತಿದಳು. ಡಾಕ್ಟರು ಗಂಟಲು ನೋಡಿ, ದನಿ ಪರೀಕ್ಷಿಸುವ ಹುಡುಗಿಯ ಕೋಣೆಗೆ ಕಳಿಸಿದರು. ಮೈಕಿನ ಮುಂದೆ ‘ಆ’ ಅನ್ನಬೇಕಂತೆ. ಮೈಕು ಕಂಡದ್ದೇ ತಡ, ನಾನು ದನಿ ಏರಿಸಿ, ಇಳಿಸಿ, ಕೊನೆಗೊಂದು ತಿರುವನ್ನೂ ಕೊಟ್ಟುಬಿಟ್ಟೆ.

“ಅಮ್ಮಾ, ಹಾಡ್ಬೇಡಿ. ಒಂದೇ ಸಮ ‘ಆ’ ಅನ್ನಿ,” ಅಂದಳು ಹುಡುಗಿ.

ಮೂರನೆಯ ಸಲಕ್ಕೆ ಸರಿಯಾಯಿತು. ಕಂಪ್ಯೂಟರಿನಲ್ಲಿ ಒಂದು ಗೆರೆ ಮೂಡಿತು. ಗಂಟಲಿನ ತಂತುಗಳು ಸರಿಯಾಗಿ ಕೂಡಿ ದನಿ ಹೊರಟರೆ ಗೆರೆಯಲ್ಲಿ ಎತ್ತರದ ಮೊನೆ ಏಳುತ್ತದೆ, ಸಂದಿನಲ್ಲಿ ಗಾಳಿ ಸೋರಿದರೆ ಅದು ಕುಗ್ಗುತ್ತದೆ ಎಂದು ವಿವರಿಸಿದಳು. ನನ್ನ ಮೊನೆ ಇದ್ದೂ ಇಲ್ಲದಂತಿತ್ತು.

“ಮಷಿನೇ ಸಮಾ ಇಲ್ಲ ಕಾಣ್ತದೆ. ಇವ್ಳದೂ ಒಂದ್ಸಲ ನೋಡಿ,” ಅಂದೆ.

ಅವಳದೂ ಕುಗ್ಗಲಿ ಎಂಬುದೇ ನನ್ನ ಆಸೆ. ವಾರಗಿತ್ತಿ ಸುಮ್ಮನೆ ಕೂತು ಒಂದೇ ಸಮ ‘ಆ’ ಅಂದಳು. ಮೊನೆ ನೆಟ್ಟಗೆ ಎದ್ದು ನಿಂತಿತು. ನನಗೆ ನೋಡಲಾಗಲಿಲ್ಲ, ಕಿಟಕಿಯ ಕಡೆ ತಿರುಗಿದೆ.

“ನಿಮ್ಮ ಮೊದಲಿನ ದನಿ ಎಲ್ಲಾದ್ರೂ ರೆಕಾರ್ಡ್ ಆಗಿದ್ಯಾ?” ಎಂದು ಹುಡುಗಿ ಕೇಳಿದಳು.

ವಾರಗಿತ್ತಿ ಅಳುಕುತ್ತ ಮೊಬೈಲು ತೆಗೆದಳು. ಮೂರು ವರ್ಷದ ಹಿಂದಿನ ಮದುವೆಯೊಂದರ ನನ್ನ ಹಾಡು ಕೇಳಿಸಿದಳು. “ಅಕ್ಕಾ, ನಿಂಗೆ ಸಿಟ್ಟು ಬತ್ತದೆ ಅಂತ ಹೇಳ್ಲಿಲ್ಲ. ದಿನಾ ಅನ್ನ ಬೇಯೂ ತನ್ಕ ಇದ್ನೇ ಕೇಳಿ ಕಲ್ತೆ,” ಅಂದಳು.

ಸುತ್ತ ಗದ್ದಲವಿದೆ, ಇದನ್ನು ಅಳೆಯಲಾಗದು ಎಂದಳು ಹುಡುಗಿ. ನನ್ನ ಕಿವಿ ಮಾತ್ರ ಅಳೆದಿತ್ತು. ಎರಡನೆಯ ಸೊಲ್ಲಿನ ನಡುವೆ, ಉಸಿರು ತೆಗೆಯಬಾರದ ಜಾಗದಲ್ಲಿ, ಗಕ್ಕನೆ ಉಸಿರೆಳೆದಿದ್ದೆ. ಗಾಳಿ ಆಗಲೇ ಸೋರುತ್ತಿತ್ತು, ನನಗೇ ಗೊತ್ತಾಗಿರಲಿಲ್ಲ. ಕೆಲವು ತಿಂಗಳು ದನಿಯ ವ್ಯಾಯಾಮ ಮಾಡಬೇಕು, ಅಲ್ಲಿಯವರೆಗೆ ಹಾಡು ಬೇಡ ಎಂದರು ಡಾಕ್ಟರು.

ನಾದಿನಿಯ ಮಗಳ ಮದುವೆಯಲ್ಲಿ ವಾರಗಿತ್ತಿಯೇ ಮುಂದೆ ಕೂತಳು. ನಾನು ಅರಿಶಿನದ ಬಟ್ಟಲು ಹಿಡಿದು ಪಕ್ಕದಲ್ಲಿದ್ದೆ. ಎರಡನೆಯ ಸೊಲ್ಲಿನ ನಡುವೆ, ಅದೇ ಜಾಗದಲ್ಲಿ, ಅವಳು ಗಕ್ಕನೆ ಉಸಿರೆಳೆದಳು. ಅವಳ ಗಂಟಲಿಗೆ ಅದರ ಅಗತ್ಯವೇ ಇರಲಿಲ್ಲ. ಹಿಂದಿದ್ದ ಹೆಂಗಸರೂ ಅಲ್ಲೇ ನಿಲ್ಲಿಸಿ, ಉಸಿರೆಳೆದು, ಮುಂದೆ ಹೇಳಿದರು.

ಹಾಡು ಮುಗಿದ ಮೇಲೆ ವಾರಗಿತ್ತಿ ನನ್ನ ಕಡೆ ಬಾಗಿ, “ಸಮಾ ಬಂತಾ ಅಕ್ಕಾ?” ಎಂದು ಕೇಳಿದಳು.

ತಿದ್ದಬಹುದಿತ್ತು. ತಿದ್ದಿದರೆ ನನ್ನ ಆ ಉಸಿರೂ ಹೋಗಿ, ಹಾಡು ಪೂರಾ ಅವಳದಾಗಿಬಿಡುತ್ತಿತ್ತು.

“ಸಮಾ ಆತು. ಯಾವಾಗ್ಲೂ ಹಾಂಗೇ ಹೇಳು,” ಅಂದೆ.