ಬಲಗಡೆಯ ಹೂವು

ನಾನು ಎಸ್ಸೆಸ್ಸೆಲ್ಸಿ ಪಾಸಾದ ವರ್ಷ, ಟೀಚರ್ ಟ್ರೈನಿಂಗಿಗೆ ಹಾಸನಕ್ಕೆ ಹೋಗಿಯೇ ಹೋಗುತ್ತೇನೆಂದು ಹಟ ಹಿಡಿದೆ. ಅಪ್ಪನಿಗೆ ಸುತರಾಂ ಇಷ್ಟವಿರಲಿಲ್ಲ. ಹೊಳೆನರಸೀಪುರದ ಕಡೆಯಿಂದ ನನಗೊಂದು ಸಂಬಂಧ ಬಂದಿತ್ತು. ಗಂಡಿಗೆ ನೀರಾವರಿ ಗದ್ದೆಯಿತ್ತು. ಮನೆಯಲ್ಲಿ ಮಾತಿಗೆ ಮಾತು ಬೆಳೆದು, ಕೊನೆಗೆ ಅವ್ವ, "ಇವ್ಳನ್ನ ಆಸನಕ್ಕೆ ಕಳ್ಸಾದಾ ಬ್ಯಾಡ್ವಾ ಅಂತ ಅಮ್ಮನ್ನೇ ಹೂವ ಕೇಳಾನ" ಎಂದಳು. ಅಪ್ಪ ಒಪ್ಪಿದ.

ನಮ್ಮೂರು ನುಗ್ಗೇಹಳ್ಳಿಯ ಹತ್ತಿರ. ಊರಮ್ಮನ ಗುಡಿಯಲ್ಲಿ ಪೂಜಾರಪ್ಪ ದೇವಿಯ ಎರಡು ಭುಜಕ್ಕೂ ಒದ್ದೆ ಹೂ ಅಂಟಿಸುತ್ತಿದ್ದರು. ಬಲಗಡೆಯದು ಮೊದಲು ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡವೆಂದು. ನನಗೆ ಇದರಲ್ಲಿ ಎಳ್ಳಷ್ಟೂ ನಂಬಿಕೆಯಿರಲಿಲ್ಲ. ನಾಲ್ಕಕ್ಷರ ಕಲಿತ ಜಂಬ. ಆದರೂ ಅವತ್ತು ಕಣ್ಣು ಆ ಹೂಗಳ ಮೇಲೆಯೇ ಇತ್ತು.

ಎಡಗಡೆಯದು ಬಿತ್ತು.

"ಆಯ್ತಲ್ಲ, ಅಮ್ಮನೇ ಬ್ಯಾಡ ಅಂದ್ಲು. ಏಳಿ, ಓಗಾನ" ಎಂದು ಅಪ್ಪ ಟವೆಲು ಕೊಡವಿ ಎದ್ದ.

"ವಸಿ ಕೂತ್ಕಳಿ" ಎಂದಳು ಅವ್ವ. "ಅದು ಗಾಳಿಗೆ ಬಿದ್ದಿದ್ದು. ಪೂಜಾರಪ್ಪ, ಇನ್ನೊಂದ್ ಸಲ ಮಡಗಿ."

ದೀಪದ ಕುಡಿ ಅಲುಗಿರಲಿಲ್ಲ. ಆದರೆ ಗಾಳಿ ಬೀಸಿದ್ದು ನನ್ನ ಕೆನ್ನೆಗೂ ತಾಗಿದಂತಿತ್ತು. ಆಣೆ ಮಾಡು ಎಂದಿದ್ದರೆ ಮಾಡಿಬಿಡುತ್ತಿದ್ದೆ.

ಎರಡನೆಯ ಸಲವೂ ಎಡಗಡೆಯದೇ. "ಆ ಹೂವು ದಪ್ಪ ಇತ್ತು, ಭಾರಕ್ಕೆ ಜಾರ್ತು" ಎಂದಳು ಅವ್ವ. ಪೂಜಾರಪ್ಪ ಅವಳ ಮುಖ ನೋಡಿದರು, ಮತ್ತೆ ಹೂ ಒದ್ದೆ ಮಾಡಿದರು. ಈ ಸಲ ಬಲಗಡೆಯದು ಬಿತ್ತು. ಗಾಳಿಯ ಸುದ್ದಿ, ಭಾರದ ಸುದ್ದಿ ಯಾರೂ ಎತ್ತಲಿಲ್ಲ. ಅವ್ವ ಹೂವನ್ನು ಕಣ್ಣಿಗೊತ್ತಿಕೊಂಡು, "ಕೊಟ್ಲು ಕಣವ್ವ, ತಾಯಿ" ಎಂದು ನನ್ನ ಜಡೆಗೆ ಸಿಕ್ಕಿಸಿದಳು. ಅಪ್ಪ ಗೊಣಗಿದ, ಆದರೆ ದೇವರ ಮಾತು ಮೀರುವ ಆಸಾಮಿಯಲ್ಲ.

ಟ್ರೈನಿಂಗಿನಲ್ಲಿ ಮನಶ್ಶಾಸ್ತ್ರದ ಮೇಷ್ಟರು ಒಂದು ದಿನ, ಮನುಷ್ಯ ಮೊದಲು ತೀರ್ಮಾನ ಮಾಡಿಕೊಂಡು ಆಮೇಲೆ ಸಾಕ್ಷಿ ಹುಡುಕುತ್ತಾನೆ, ಒಪ್ಪಿಗೆಯಾಗದ ಸಾಕ್ಷಿಗೆ ಕುಂಟುನೆಪ ಹೇಳುತ್ತಾನೆ ಎಂದರು. ಅದು ಬುದ್ಧಿಯ ದೋಷವಂತೆ. ನನಗೆ ನಗುವೂ ಅಳುವೂ ಒಟ್ಟಿಗೆ ಬಂತು. ಅಪ್ಪನಿಗೆ ಮೊದಲ ಹೂವೇ ಸಾಕಾಗಿತ್ತು, ಅದು ಅವನ ಮನಸ್ಸಿನಲ್ಲಿದ್ದದ್ದನ್ನೇ ಹೇಳಿತ್ತು. ನಮಗೆ ಮೂರನೆಯದು ಬೇಕಾಯಿತು, ಅಷ್ಟೆ.

ಸಂಕ್ರಾಂತಿಗೆ ಊರಿಗೆ ಬಂದಾಗ ಅವ್ವ ಜಗುಲಿಯಲ್ಲಿ ಅವರೆಕಾಳು ಹಿಸುಕುತ್ತಿದ್ದಳು. ಪಕ್ಕದಲ್ಲಿ ಕೂತು ಛೇಡಿಸಿದೆ.

"ಮೂರನೇದೂ ಎಡಗಡೇದೇ ಬಿದ್ದಿದ್ರೆ ಏನವ್ವ ಮಾಡ್ತಿದ್ದೆ?"

"ಬಲಗಡೇದು ಬೀಳಗಂಟ ಕೂತಿರ್ತಿದ್ದೆ."

ನಾನು ಜೋರಾಗಿ ನಕ್ಕೆ. ಅವಳು ನಗಲಿಲ್ಲ, ಕಾಳು ಹಿಸುಕುತ್ತಲೇ ಹೇಳಿದಳು:

"ನನ್ ಮದ್ವೆಗೆ ಕೇಳ್ದಾಗ ಮೊದಲ್ನೇ ಸಲಕ್ಕೇ ಬಲಗಡೇದು ಬಿತ್ತು. ನಮ್ಮಪ್ಪ ಎದ್ದೇ ಬುಟ್ಟ. ನಂಗೂ ಇಸ್ಕೂಲ್ಗೆ ಓಗೋ ಆಸೆ ಇತ್ತು ಕಣವ್ವ. ಇನ್ನೊಂದ್ ಸಲ ಮಡಗಿ ಅನ್ನೋರು ಯಾರೂ ಇರ್ನಿಲ್ಲ."