ಪಿ.ಟಿ. ಮಾಸ್ತರರ ವ್ರತದ ದಿನಗಳು

ಶಿರಾಲಿಯ ನಮ್ಮ ಹೈಸ್ಕೂಲಿನ ಪಿ.ಟಿ. ಮಾಸ್ತರರು ಪ್ರಾರ್ಥನೆಯ ಹೊತ್ತಿಗೆ ಯಾರ ಮುಖವನ್ನೂ ನೋಡುತ್ತಿರಲಿಲ್ಲ, ಕಾಲನ್ನೇ ನೋಡುತ್ತಿದ್ದರು. "ಶಿಸ್ತು ಪಾದದಿಂದ ಶುರು" ಎನ್ನುತ್ತ ಬೆತ್ತದಿಂದ ತಮ್ಮದೇ ಶೂ ತಟ್ಟಿಕೊಳ್ಳುವರು. ಮೀನು ಮಾರುವವರ ಮಗಳು, ನನ್ನ ಬೆಂಚಿನವಳು, ಬರಿಗಾಲಲ್ಲಿ ಬರುತ್ತಿದ್ದಳು. ಆ ತಪ್ಪಿಗೆ ಹತ್ತನೇ ತರಗತಿಯ ಮೊದಲ ಪೀರಿಯಡ್ಡಿನ ಗಣಿತವನ್ನು ದಿನವೂ ಹೊರಗೆ ಜಗಲಿಯಲ್ಲಿ ನಿಂತೇ ಕಲಿಯಬೇಕಿತ್ತು.

ಡಿಸೆಂಬರಿನಲ್ಲಿ ಮಾಸ್ತರರು ಅಯ್ಯಪ್ಪನ ಮಾಲೆ ಹಾಕಿ ಬರಿಗಾಲಲ್ಲೇ ಶಾಲೆಗೆ ಬಂದರು. ಹೆಡ್‌ಮಾಸ್ತರರು "ಸ್ವಾಮಿ" ಎಂದು ಕೈಮುಗಿದರು. ಶಿಸ್ತಿಗೆ ಅಷ್ಟು ದಿನ ರಜೆ ಇರಬೇಕು.

ಅವಳು ಕೇಳಿಯೇಬಿಟ್ಟಳು: "ಸರ್, ನಿಮ್ಮ ಮಾಲೆ ಇಳಿಯೋವರೆಗೆ ನಾನೂ ಒಳಗೆ ಕೂತ್ಕೊಳ್ಲಾ?"

"ಆತು, ಕೂತ್ಕೋ" ಎಂದರು, ನೆಲ ನೋಡುತ್ತ.

ಮಾಲೆ ಇಳಿಯುವಷ್ಟರಲ್ಲಿ ಅವಳು ಬೀಜಗಣಿತ ಮುಗಿಸಿದಳು. ಶಬರಿಮಲೆಯಿಂದ ಮರಳಿದ ಮಾಸ್ತರರು ಪಾಲಿಶ್ ಮಾಡಿದ ಶೂ ಹಾಕಿ ಬಂದು ಎಲ್ಲರಿಗೂ ಪ್ರಸಾದ ಹಂಚಿದರು. ಅವಳಿಗೆ ತುಸು ಹೆಚ್ಚೇ ಕೊಟ್ಟು ಜಗಲಿಗೆ ಕಳಿಸಿದರು.